ಗಾಡಿ ನನ್ನದು, ಸ್ಪ್ರಿಂಗು ಅವರದು

ಹೆಣ್ಣುಮಗಳೊಬ್ಬಳು ಗ್ಯಾರೇಜಿಗೆ ಕಾಲಿಟ್ಟರೆ ಅಲ್ಲಿರೋರೆಲ್ಲ ಅವಳ ಹಿಂದೆ ಯಾರು ಬಂದಿದ್ದಾರೆ ಅಂತ ನೋಡುತ್ತಾರೆ. ನನಗಿದು ಎಷ್ಟು ಅಭ್ಯಾಸವಾಗಿದೆ ಅಂದರೆ ಈಗ ನಾನೂ ಹಿಂತಿರುಗಿ ನೋಡುತ್ತೇನೆ.

ಅಪ್ಪ ಹೋದಮೇಲೆ ಅವರ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ನನ್ನ ಹೆಸರಿಗೆ ಬಂತು. ಮುಂದಿನ ಸ್ಪ್ರಿಂಗುಗಳು ಸೋತು ಮೂತಿ ಇಳಿಬಿಟ್ಟಿತ್ತು, ಹಂಪ್ ಬಂದರೆ ಹೊಟ್ಟೆ ಉಜ್ಜುತ್ತಿತ್ತು. ಸ್ಪ್ರಿಂಗು ಬದಲಾಯಿಸಿ ಓಡಿಸೋಣ ಅಂತ ನಾನು, ಬದಲಾಯಿಸಿ ಮಾರೋಣ ಅಂತ ಚಿಕ್ಕಪ್ಪ. "ಸಹಿ ಹಾಕೋದೊಂದೇ ನಿನ್ ಕೆಲಸ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಅಂದರು. ಅಮ್ಮನೂ ತಲೆಯಾಡಿಸಿದರು.

ಅಂಗಡಿ

ಬಾಪೂಜಿ ನಗರದ ಬಿಡಿಭಾಗದ ಅಂಗಡಿಯಲ್ಲಿ ನಾನು ಕಾರಿನ ಮಾಡೆಲ್ಲು, ಸ್ಪ್ರಿಂಗಿನ ಉದ್ದ, ತಂತಿಯ ದಪ್ಪ ಎಲ್ಲ ಹೇಳಿದೆ. ಅಂಗಡಿಯವರು ಪೂರ್ತಿ ಕೇಳಿಸಿಕೊಂಡು, ಹೊರಗೆ ಫೋನಿನಲ್ಲಿದ್ದ ಚಿಕ್ಕಪ್ಪನನ್ನು ಕೂಗಿದರು.

"ಸಾರ್, ಯಾವ್ ಗಾಡಿಗೆ?"

ಚಿಕ್ಕಪ್ಪ ಫೋನಿಗೆ ಕೈ ಅಡ್ಡ ಹಿಡಿದು, "ಕೆಂಪುದು" ಅಂದರು.

"ಹಾಂ, ಹಂಗ್ ಹೇಳಿ ಸಾರ್. ಈಗ ಗೊತ್ತಾಯ್ತು."

ಅಳತೆ

ಕೆಂಗೇರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ನೆಲದಿಂದ ಮಡ್‌ಗಾರ್ಡಿಗೆ ಟೇಪು ಹಿಡಿದು ಎತ್ತರ ಅಳೆಯುತ್ತಿದ್ದರು. ಚಿಕ್ಕಪ್ಪ ಸ್ಟೇರಿಂಗ್ ಮುಂದೆ ಕೂತು ಕಾರು ಕೊಳ್ಳೋಕೆ ಹುಡುಕಿದ್ದ ಗಿರಾಕಿಗೆ ಕಳಿಸೋಕೆ ಸೆಲ್ಫಿ ತೆಗೆಯುತ್ತಿದ್ದರು.

"ಚಿಕ್ಕಪ್ಪ, ಇಳೀರಿ. ಗಾಡಿ ಖಾಲಿ ಇದ್ದಾಗ ಅಳೀಬೇಕು."

"ಇರಮ್ಮ, ಬೆಳಕು ಚೆನ್ನಾಗಿದೆ."

ಮೆಕ್ಯಾನಿಕ್ಕು ಎದ್ದು, "ಸಾರ್, ಬಲಗಡೆ ಜಾಸ್ತಿ ಕುಸಿದಿದೆ. ಆ ಕಡೆ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕ್ಬೇಕಾಗುತ್ತೆ" ಅಂದರು.

"ಕುಸಿದಿರೋದಲ್ಲ, ಅದು ನಮ್ಮ ಚಿಕ್ಕಪ್ಪ" ಅಂದೆ. ಯಾರಿಗೂ ಕೇಳಿಸಲಿಲ್ಲ.

ಆಯ್ಕೆ

ಮೇಜಿನ ಮೇಲೆ ಅಂಗಡಿಯವರು ಆರಿಸಿಕೊಳ್ಳಿ ಅಂತ ಕೊಟ್ಟು ಕಳಿಸಿದ್ದ ಹಲವು ಬಗೆಯ ಸ್ಪ್ರಿಂಗುಗಳಿದ್ದವು. ನಾನು ಒಂದನ್ನು ಮುಟ್ಟಿ, "ಮೊದಲಿಂದ ಇದ್ದಿದ್ದು ಇಂಥದ್ದೇ. ನಮ್ ರೋಡಿಗೆ ಇಷ್ಟು ಮೆತ್ತಗಿರೋದೇ ಸರಿ" ಅಂದೆ.

"ನೀವೇನಂತೀರಾ ಸಾರ್?" ಮೆಕ್ಯಾನಿಕ್ಕು ಚಿಕ್ಕಪ್ಪನ ಕಡೆ ತಿರುಗಿದರು.

ಚಿಕ್ಕಪ್ಪ ಮಾವಿನಹಣ್ಣು ನೋಡುವ ಹಾಗೆ ಒಂದೊಂದನ್ನೂ ಅಮುಕಿ ನೋಡಿದರು. ಯಾವುದೂ ಜಗ್ಗಲಿಲ್ಲ. ಕೊನೆಗೆ ಎಲ್ಲಕ್ಕಿಂತ ದಪ್ಪದ್ದನ್ನ ಎತ್ತಿ, "ಇದು ಒಳ್ಳೇ ತೂಕ ಇದೆ. ಇದೇ ಹಾಕಪ್ಪ. ತಗೊಳ್ಳೋನಿಗೆ ಮೋಸ ಆಗ್ಬಾರ್ದು" ಅಂದರು.

"ಓಡ್ಸೋಳು ನಾನು" ಅಂದೆ.

ಇಬ್ಬರೂ ಮನಸಾರೆ ನಕ್ಕರು. ಅವರಿಗೆ ನನ್ನ ಮಾತು ಕೇಳಿಸಿದ್ದು ಅದೊಂದೇ ಸಲ.

ಟ್ರಯಲ್

ಗಿರಾಕಿ ಬಸವೇಶ್ವರನಗರದ ನಮ್ಮ ಮನೆಗೆ ಬಂದರು. ಮೆಕ್ಯಾನಿಕ್ಕೂ ಬಂದಿದ್ದರು. ಕಾರಿನ ಮೂತಿ ಈಗ ಆಕಾಶ ನೋಡುತ್ತಿತ್ತು, ಬಲಗಡೆ ಇನ್ನೊಂಚೂರು ಜಾಸ್ತಿ. "ಗತ್ತು ನೋಡಿ ಸಾರ್!" ಅಂತ ಚಿಕ್ಕಪ್ಪ ಗಿರಾಕಿಯ ಪಕ್ಕ ಹತ್ತಿ ಕೂತರು. ಸಹಿ ಹಾಕಬೇಕಾದ ಕಾಗದ ಟೀಪಾಯಿ ಮೇಲೆ ಕಾಯುತ್ತಿತ್ತು.

ನಮ್ಮ ರಸ್ತೆಯ ಹಂಪುಗಳನ್ನೆಲ್ಲ ಹಾರಿಸಿಕೊಂಡು ಇಬ್ಬರೂ ವಾಪಸ್ ಬಂದರು. ಗಿರಾಕಿ ಸೊಂಟ ಹಿಡಿದುಕೊಂಡು ಇಳಿದರು. ಚಿಕ್ಕಪ್ಪನನ್ನು ಮೆಕ್ಯಾನಿಕ್ಕು ಕಂಕುಳಿಗೆ ಕೈ ಕೊಟ್ಟು ಇಳಿಸಬೇಕಾಯಿತು.

"ಇದು ಕಾರೋ ಎತ್ತಿನಗಾಡಿಯೋ ಸ್ವಾಮಿ? ಯಾವ ಪುಣ್ಯಾತ್ಮ ಆರಿಸಿದ್ದು ಈ ಸ್ಪ್ರಿಂಗ್‌ನ?" ಅಂದರು ಗಿರಾಕಿ.

ಮೆಕ್ಯಾನಿಕ್ಕು ಚಿಕ್ಕಪ್ಪನನ್ನು ನೋಡಿದರು. ಚಿಕ್ಕಪ್ಪ ನನ್ನ ಕಡೆ ಕೈ ತೋರಿಸಿದರು. "ನಂಗೇನ್ ಗೊತ್ತು ಸಾರ್? ಗಾಡಿ ಅವಳ್ದು. ಅವಳು ಹೇಳಿದ್ದೇ ಇಲ್ಲಿ ನಡೆಯೋದು."

"ಹಾಗಾದ್ರೆ ನಾನು ಮಾರಲ್ಲ" ಅಂದೆ.

ಗಿರಾಕಿ ಸೊಂಟ ನೀವಿಕೊಳ್ಳುತ್ತಲೇ ಹೇಳಿದರು: "ಒಳ್ಳೇ ನಿರ್ಧಾರ ಕಣಮ್ಮ. ಯಾರೂ ತಗೊಳ್ಳಲ್ಲ."