ಮಾವನ ಬಾಗಿಲಿಲ್ಲದ ಭವನ

ನನ್ನ ಸೋದರಮಾವನ ಜೊತೆ ನಾಲ್ಕು ಜನರ ನಡುವೆ ಓಡಾಡಿ ಮಾನ ಉಳಿಸಿಕೊಂಡು ಬಂದವರು ಕೊಟ್ಟೂರಿನಲ್ಲಿ ಯಾರಾದರೂ ಇದ್ದರೆ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು. ನನಗಂತೂ ಆ ಭಾಗ್ಯ ಸಿಗಲಿಲ್ಲ!

ಮಾವ ಮನೆಗಳ ನಕ್ಷೆ ಬರೆದುಕೊಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಊರು ಹರಪನಹಳ್ಳಿ ರಸ್ತೆಯ ಕಡೆಗೆ ಕಾಲು ಚಾಚಿತು. ಜೋಳದ ಹೊಲಗಳು ಬಡಾವಣೆಗಳಾದವು. ಎಲ್ಲ ಮನೆಗೂ ಒಂದೇ ನಮೂನೆ ಗೇಟು, ಒಂದೇ ಹಳದಿ ಬಣ್ಣ. ನಾವೂ ಅಲ್ಲೊಂದು ಮನೆ ಕಟ್ಟಿಕೊಂಡೆವು. ಒಂದು ಸಂಜೆ ನಾನು ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು ಬರುವಷ್ಟರಲ್ಲಿ, ಮುಂದೆ ನಡೆದಿದ್ದ ಮಾವ ನಮ್ಮ ಮನೆಯೆಂದೇ ತಿಳಿದು ಪಕ್ಕದ ಸಾಲಿನ ಯಾರದೋ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಗಂಡನ ಕಡೆಯ ನೆಂಟರಿರಬೇಕೆಂದು ಆ ಮನೆಯಾಕೆ ಒಳಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರು! ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಮಾವ ಮಾತ್ರ ನಿಧಾನಕ್ಕೆ ಎದ್ದು ಹೇಳಿದರು:

"ತಪ್ಪು ನಂದಲ್ಲವ್ವಾ. ನಿಮ್ಮ ಬಡಾವಣಿಗೆ ಮುಖಾನ ಇಲ್ಲ."

ಅಂದಿನಿಂದ ಶುರುವಾಯಿತು ಹುಚ್ಚು. ಬಡಾವಣೆಗೆ ಮುಖ ಬೇಕು, ಅದು ಎಲ್ಲರ ಕಟ್ಟಡವಾಗಬೇಕು, ನೆರಳು ಗಾಳಿ ಅದರಲ್ಲೇ ಹುಟ್ಟಬೇಕು ಎಂದು ಕಂಡವರನ್ನೆಲ್ಲ ನಿಲ್ಲಿಸಿ ಹೇಳತೊಡಗಿದರು. ನನ್ನನ್ನು ನೋಡಲು ಹಡಗಲಿಯಿಂದ ಗಂಡಿನವರು ಬಂದರು. ಮನೆ ಸಿಗದೆ ಬಿಸಿಲಲ್ಲಿ ಸುತ್ತಿ, ಬೆವರಿಳಿಸಿಕೊಂಡು ಒಳಗೆ ಬಂದಾಗ ಮಾವನಿಗೆ ಆದ ಸಂತೋಷ ಹೇಳತೀರದು. ಹುಡುಗನ ನೌಕರಿ ಕೇಳುವುದು ಬಿಟ್ಟು, ನಿಮ್ಮ ಓಣಿಯಲ್ಲಿ ಹತ್ತು ಜನ ಕೂಡುವ ನೆರಳು ಎಲ್ಲಿದೆ ಎಂದು ಕೇಳಿದರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ಸಂಬಂಧ ಕೂಡಿಬರಲಿಲ್ಲ ಎಂದು ಬೇರೆ ಹೇಳಬೇಕೆ?

ಕೊನೆಗೆ ಬಡಾವಣೆಯ ಹಿರಿಯರು ಮಾವನ ಕಾಟ ತಾಳಲಾರದೆ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಮುದಾಯ ಭವನ ಕಟ್ಟಲು ಒಪ್ಪಿದರು. ಮಾವ ಗುಡೇಕೋಟೆ ಕಡೆಯ ಕಲ್ಲು ತರಿಸಿದರು. ಗೋಡೆ ದಪ್ಪ, ಮಾಡು ಎತ್ತರ, ಮಳೆ ನೀರಿಗೆ ನೆಲದಡಿ ತೊಟ್ಟಿ. ಅಲ್ಲಿದ್ದ ಬೇವಿನ ಮರ ಕಡಿಯಲು ಬಿಡದೆ ಅದರ ಸುತ್ತ ಕಂಬಗಳ ಅಗಲ ಪಡಸಾಲೆ ಎಬ್ಬಿಸಿದರು.

ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಕತ್ತರಿ ಹಿಡಿದು ನಿಂತರು. ಟೇಪು ಕಟ್ಟಲು ಬಾಗಿಲು ಹುಡುಕಿದರೆ, ಬಾಗಿಲೇ ಇಲ್ಲ! ಯಾರು ಬೇಕಾದರೂ ಯಾವಾಗ ಬೇಕಾದರೂ ಬಂದು ಕೂರಲಿ ಎಂದು ಮಾವ ಬಾಗಿಲನ್ನೇ ಇಟ್ಟಿರಲಿಲ್ಲ. ಎರಡು ಕಂಬಗಳ ನಡುವೆ ಟೇಪು ಕಟ್ಟಿ ಅತಿಥಿಗಳು ಕತ್ತರಿಸುವಾಗ, ಹಿಂದಿನಿಂದ ಆಡಿನ ಹಿಂಡೊಂದು ಒಳಹೊಕ್ಕು ವೇದಿಕೆಯ ಹೂಮಾಲೆ ಮೇಯುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತಿಥಿಗಳು ಕತ್ತರಿ ಅಲ್ಲೇ ಬಿಸಾಕಿ ಕಾರು ಹತ್ತಿದರು. ಅಂದೇ ಅದಕ್ಕೆ 'ಆಡಿನ ಭವನ' ಎಂದು ಹೆಸರು ಬಿತ್ತು.

ನಮ್ಮನ್ನು ಸದಾ ನಾಚಿಸುತ್ತಿದ್ದ ಮಾವ ಅಂದು ಮೊದಲ ಸಲ ತಾವೇ ನಾಚಿದರು. ಸಂತೆಯಲ್ಲಿ ಅತ್ತೆಯನ್ನು ಯಾರೋ ಆಡಿನ ಹಾಲು ಕೇಳಿದರಂತೆ. ಆಮೇಲೆ ಮಾವ ನಕ್ಷೆ ಬರೆಯುವುದನ್ನೇ ಕಡಿಮೆ ಮಾಡಿದರು. ನಮ್ಮ ಮನೆಗೆ ಬಂದರೂ ಭವನ ಕಾಣದಂತೆ ಹಿಂದಿನ ಓಣಿ ಹಿಡಿದು ಬರುತ್ತಿದ್ದರು.

ವರ್ಷಗಳು ಕಳೆದವು. ಹರಪನಹಳ್ಳಿಯಲ್ಲಿ ನನ್ನ ಸಂಸಾರ ನಡೆದಿತ್ತು. ಒಂದು ಬೇಸಿಗೆಯಲ್ಲಿ ಅಲ್ಲಿಗೆ ಬಂದಿದ್ದ ಮಾವನನ್ನು ಬಸ್ಸಿನಲ್ಲಿ ಕೊಟ್ಟೂರಿಗೆ ಕರೆದುಕೊಂಡು ಬರುತ್ತಿದ್ದೆ. ಕಂಡಕ್ಟರು, "ಆಡಿನ ಭವನ ಯಾರ್ರೀ?" ಅಂದ. ಮಾವ ತಲೆ ತಗ್ಗಿಸಿದರು. ಪಕ್ಕದಲ್ಲಿ ಕೂಸನ್ನೆತ್ತಿಕೊಂಡು ಕೂತಿದ್ದ ಹೆಣ್ಣುಮಗಳು ಚೀಲಕ್ಕೆ ಕೈಹಾಕಿದಳು.

"ಅಲ್ಲೇ ಏನವ್ವಾ ನಿಮ್ಮನಿ?" ಮಾವ ಮೆಲ್ಲಗೆ ಕೇಳಿದರು.

"ಹೌದ್ರಿ. ಮನಿ ಅನ್ನೋದು ಅಡಿಗಿ ಮಾಡಾಕಷ್ಟ. ಕರೆಂಟ್ ಹೋದ್ರ ಒಳಗ ಇರಾಕ ಆಗಂಗಿಲ್ಲ. ಓಣಿ ಮಂದಿ ಎಲ್ಲಾ ಭವನದಾಗ ಇರ್ತೀವಿ. ಈ ಕೂಸಿಗೆ ಅಲ್ಲೇ ನಿದ್ದಿ ಹತ್ತೋದು."

"ಗಾಳಿ ಬರ್ತೈತೇನು?"

"ಬರ್ತೈತ್ರಿ. ಯಾರು ಕಟ್ಟಿಸ್ಯಾರೋ, ಅವರ ಹೊಟ್ಟಿ ತಣ್ಣಗಿರ್ಲಿ."

ಅವರೇ ಇವರು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಕೈ ಅದುಮಿದರು. ಆಕೆಯ ಕೈಯಿಂದ ಕೂಸನ್ನು ಎತ್ತಿಕೊಂಡು ಮುಂದೆ ಇಳಿದರು. ಭವನದ ಪಡಸಾಲೆಯಲ್ಲಿ ಹೆಂಗಸರು ಶಾವಿಗೆ ಒಣಗಹಾಕುತ್ತಿದ್ದರು. ಮಾವ ಕೂಸನ್ನು ತಮ್ಮ ಹೆಗಲ ವಸ್ತ್ರದ ಮೇಲೆ ಮಲಗಿಸಿ ಕಂಬಕ್ಕೊರಗಿ ಕುಳಿತರು. ಸ್ವಲ್ಪ ಹೊತ್ತಿಗೆ ಅವರ ಭುಜಗಳು ನಡುಗತೊಡಗಿದವು.

ನಾನು ಸೆರಗು ಹರಡಿಕೊಂಡು, ಯಾರಿಗೂ ಅವರ ಮುಖ ಕಾಣದಂತೆ ಅಡ್ಡ ನಿಂತೆ.