ಮಡಚುವ ಸೈಕಲ್ಲು ಮತ್ತು ಸ್ವಾಮಿರಾಯರ ಕಾಗೆ

ವಾಮನರಾಯರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಹೆಂಡತಿ ಗೋದೂಬಾಯಿ ಕೇಳುತ್ತಿರಲಿಲ್ಲ. ಸಿಂದಗಿಯ ಹೈಸ್ಕೂಲಿನಲ್ಲಿ ಅವರು ಚಿತ್ರಕಲೆ ಕಲಿಸುತ್ತಿದ್ದ ಹುಡುಗರು ಕೇಳುತ್ತಿರಲಿಲ್ಲ. ಹಿತ್ತಲಿನ ಎಮ್ಮೆಯಂತೂ ಅವರು ಹಿಂದೆ ಸರಿ ಎಂದರೆ ಮುಂದೆ ಬಂದು ಕಾಲು ತುಳಿಯುತ್ತಿತ್ತು. ಇಡೀ ಆಯುಷ್ಯದಲ್ಲಿ ಅವರ ಮಾತಿಗೆ ಬೆಲೆ ಕೊಟ್ಟದ್ದು ಒಂದೇ ಒಂದು ಕಾಗೆ. ಅವರ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ಎಪ್ಪತ್ತಾರನೆಯ ಇಸವಿಯ ಬೇಸಿಗೆ. ಅವರ ತಂದೆ ಸ್ವಾಮಿರಾಯರು ತೀರಿಕೊಂಡು ಹತ್ತನೆಯ ದಿನದ ಕರ್ಮ ನಡೆದಿತ್ತು. ಊರ ಹೊರಗಿನ ಬಾವಿಯ ದಂಡೆಯಲ್ಲಿ ಎಲೆಯ ಮೇಲೆ ಪಿಂಡ ಇಟ್ಟಾಗಿತ್ತು. ಬಂಧುಬಳಗದವರ ಜೊತೆ ಗೋದೂಬಾಯಿಯೂ ಹತ್ತಿರವೇ ನಿಂತಿದ್ದರು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ಯಾವ ಆಸೆಯೂ ಉಳಿದಿಲ್ಲ ಎಂದು ಅರ್ಥ. ಮುಟ್ಟದಿದ್ದರೆ ಏನೋ ಉಳಿದಿದೆ, ಜೀವ ಇನ್ನೂ ಇಲ್ಲೇ ಸುಳಿದಾಡುತ್ತಿದೆ ಎಂದು ಅರ್ಥ. ಎದುರಿನ ಬೇವಿನ ಮರದಲ್ಲಿ ಒಂದು ಕಾಗೆ ಕೂತಿತ್ತು. ಅದರ ಎಡ ರೆಕ್ಕೆಯ ಗರಿಯೊಂದು ಜೋತುಬಿದ್ದಿತ್ತು. ಅದು ಪಿಂಡವನ್ನು ನೋಡಿತು, ವಾಮನರಾಯರನ್ನು ನೋಡಿತು, ಕೂತಲ್ಲೇ ಕೂತಿತು.

"ಏನೋ ಆಶಾ ಉಳದದ, ವಾಮನರಾವ. ಮಾತು ಕೊಡ್ರಿ, ಮುಟ್ಟತದ," ಎಂದರು ಆಚಾರ್ಯರು.

ವಾಮನರಾಯರು ಪಂಢರಪುರಕ್ಕೆ ಹೋಗಿ ಬರುತ್ತೇನೆಂದು ಮಾತು ಕೊಟ್ಟರು. ಕಾಗೆ ಅಲುಗಲಿಲ್ಲ. ಇನ್ನು ನಶ್ಯ ಏರಿಸುವುದಿಲ್ಲ ಎಂದರು. ಕಾಗೆ ಮುಖವನ್ನೇ ಆ ಕಡೆ ತಿರುಗಿಸಿತು. (ಆ ಮಾತನ್ನು ಸ್ವಾಮಿರಾಯರು ಬದುಕಿದ್ದಾಗಲೇ ಸಾಕಷ್ಟು ಸಲ ಕೇಳಿದ್ದರು.) ಹೊತ್ತು ನೆತ್ತಿಗೆ ಬಂತು. ಗಾಳಿ ನಿಂತುಹೋಯಿತು. ಬೇವಿನ ಎಲೆ ಕೂಡ ಅಲ್ಲಾಡಲಿಲ್ಲ. ಬಂಧುಬಳಗದವರ ಹೊಟ್ಟೆ ಗುಡುಗುವುದು ಮಾತ್ರ ಕೇಳುತ್ತಿತ್ತು. ಕಾಗೆ ಕತ್ತು ಓರೆ ಮಾಡಿ ಒಂದೇ ಕಣ್ಣಿನಿಂದ ನೋಡತೊಡಗಿತು. ಮಗ ಗಣಿತದಲ್ಲಿ ನಪಾಸಾಗಿ ಬಂದಾಗ ಸ್ವಾಮಿರಾಯರು ನೋಡುತ್ತಿದ್ದದ್ದು ಥೇಟ್ ಹೀಗೇ. ಆ ಉರಿಬಿಸಿಲಿನಲ್ಲಿ ವಾಮನರಾಯರ ಬೆನ್ನು ತಣ್ಣಗಾಯಿತು.

ಆಗ ಅವರಿಗೆ ಸೈಕಲ್ಲು ನೆನಪಾಯಿತು.

ಅದು ಮಡಚುವ ಸೈಕಲ್ಲು. ಒಬ್ಬ ಬಿಳಿ ಸಾಹೇಬ ವಿಜಾಪುರ ಬಿಟ್ಟು ವಿಲಾಯತಿಗೆ ಹೊರಟಾಗ ಸ್ವಾಮಿರಾಯರು ಲಿಲಾವಿನಲ್ಲಿ ಕೂಗಿ ಹಿಡಿದದ್ದು. ನಡುವಿನ ತಿರುಪು ಸಡಿಲಿಸಿದರೆ ಎರಡು ಹೋಳಾಗಿ ಮಡಚಿಕೊಳ್ಳುತ್ತಿತ್ತು. ದೇವರ ಹಿಪ್ಪರಗಿಯ ಹತ್ತಿರ ಇದ್ದ ಹೊಲ ನೋಡಲು ಅವರು ವಾರಕ್ಕೊಮ್ಮೆ ಅದನ್ನು ಬಸ್ಸಿನ ಸೀಟಿನ ಕೆಳಗೆ ತುರುಕಿಕೊಂಡು ಹೋಗುತ್ತಿದ್ದರು. ಹೀಗೇ ಒಂದು ಸಂಜೆ ಬರೀ ಚೌಕಟ್ಟನ್ನು ಹೆಗಲಿಗೆ ಹಾಕಿಕೊಂಡು ಮರಳಿ ಬಂದರು. ಎರಡೂ ಗಾಲಿ ಇರಲಿಲ್ಲ. ಎಲ್ಲಿ ಎಂದು ಕೇಳಿದರೆ "ಹೋದವು" ಎಂದಷ್ಟೇ ಹೇಳಿದರು. ಆಮೇಲೆ ಆ ಮಾತೇ ಎತ್ತಲಿಲ್ಲ. ಹಳ್ಳದ ಹತ್ತಿರ ಏನೋ ಅಡ್ಡಗಟ್ಟಿ ಕಿತ್ತುಕೊಂಡಿರಬೇಕು, ಹೆಸರು ಹೇಳುವಂಥದ್ದಲ್ಲ ಎಂದು ಓಣಿಯವರು ತೀರ್ಮಾನಿಸಿದರು. ಚೌಕಟ್ಟು ಕತ್ತಲೆ ಕೋಣೆಯ ಗೋಡೆಯ ಗೂಟಕ್ಕೆ ಏರಿತು. ಅದರ ಹಿಂದಿನ ಗೂಡಿನಲ್ಲಿ ಗೋದೂಬಾಯಿಯ ಕೋಡಬಳೆಯ ಡಬ್ಬಿ ಇರುತ್ತಿತ್ತು. (ಆ ಕೋಡಬಳೆ ಓಣಿಗೆಲ್ಲ ಹೆಸರುವಾಸಿ. ಗೋದೂಬಾಯಿ ಅದನ್ನು ಯಾವಾಗ ಕರಿಯುತ್ತಿದ್ದರೋ ಯಾರೂ ನೋಡಿರಲಿಲ್ಲ. ಕೈಗುಣ ಇದ್ದವರಿಗೆ ಹೊತ್ತು ಬೇಕಾಗುವುದಿಲ್ಲ.)

ಕೊನೆಯ ದಿನಗಳಲ್ಲಿ ಸ್ವಾಮಿರಾಯರಿಗೆ ಮಾತು ಬಿದ್ದುಹೋಗಿತ್ತು. ಕರಿದದ್ದು ಕೂಡದು, ಖಾರ ಕೂಡದು ಎಂದು ಡಾಕ್ಟರರು ಗಂಜಿಗೆ ಇಳಿಸಿದ್ದರು. ಅವರು ನಡುಮನೆಯ ಹಾಸಿಗೆಯಲ್ಲಿ ಮಲಗಿ, ತೆರೆದ ಬಾಗಿಲಿನಿಂದ ಕತ್ತಲೆ ಕೋಣೆಯ ಆ ಗೋಡೆಯನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನೋಡುತ್ತಿದ್ದರು.

ವಾಮನರಾಯರು ಕಣ್ಣು ಮುಚ್ಚಿ, ಕೈ ಮುಗಿದು, ಅಪ್ಪನ ಸೈಕಲ್ಲಿಗೆ ಗಾಲಿ ಹಾಕಿಸುತ್ತೇನೆ, ವರ್ಷದ ಶ್ರಾದ್ಧದೊಳಗೆ ಹಾಕಿಸುತ್ತೇನೆ ಎಂದು ಮಾತು ಕೊಟ್ಟರು. ಕಣ್ಣು ತೆರೆದಾಗ ಕಾಗೆ ಎಲೆಯ ಮೇಲಿತ್ತು. ಎಲ್ಲರೂ ಉಸಿರು ಬಿಟ್ಟರು. (ಅವರು ಕಣ್ಣು ಮುಚ್ಚಿದ್ದರು ಎಂಬುದನ್ನು ನೆನಪಿಟ್ಟರೆ ಸಾಕು.)

ಮನೆಗೆ ಬಂದ ಮೇಲೆ ಶುರುವಾದದ್ದು ಗಂಟೆ. ವಾಮನರಾಯರು ಸಂಜೆ ನಡುಮನೆಯಲ್ಲಿ ಸಂಧ್ಯಾವಂದನೆಗೆ ಕೂತು ಕಣ್ಣು ಮುಚ್ಚಿದರೆ ಸಾಕು, ಕತ್ತಲೆ ಕೋಣೆಯಿಂದ ಸೈಕಲ್ಲಿನ ಗಂಟೆ ಒಂದೇ ಒಂದು ಸಲ ಟಿಣ್ ಎನ್ನುತ್ತಿತ್ತು. ಗಾಲಿ ಇಲ್ಲದ, ಗೂಟಕ್ಕೆ ನೇತುಹಾಕಿದ ಸೈಕಲ್ಲು ಯಾರನ್ನು ದಾರಿ ಬಿಡಿರಿ ಎನ್ನುತ್ತಿದೆ? ವಾಮನರಾಯರ ಕೈಯ ಅರ್ಘ್ಯ ಧೋತರದ ಮೇಲೆ ಬೀಳುತ್ತಿತ್ತು. ಒಳಗೆ ಹೋಗಿ ನೋಡುವ ಧೈರ್ಯ ಅವರಿಗಿರಲಿಲ್ಲ. ಕೂತಲ್ಲಿಂದಲೇ ಹೆಂಡತಿಯನ್ನು ಕರೆದರೆ, ಗೋದೂಬಾಯಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಕತ್ತಲಿನಿಂದ ಹೊರಗೆ ಬರುತ್ತಿದ್ದರು.

"ಮಾವನವರು ನೆನಪು ಮಾಡ್ಲಿಕ್ಕೆ ಹತ್ಯಾರ," ಎನ್ನುತ್ತಿದ್ದರು. "ಸಾಲಿ ಸೂಟಿ ದಿವಸ ನೀವು ಹಿಂಗ ಮನ್ಯಾಗ ಕೂತ್ರ ಹ್ಯಾಂಗ?"

ಹೀಗೆ ಗಾಲಿಶೋಧನ ಮಹಾಯಾತ್ರೆ ಆರಂಭವಾಯಿತು. ಮೊದಲು ಊರಿನ ಸೈಕಲ್ ಅಂಗಡಿಯ ಮಾಳಿಂಗಪ್ಪ ಚೌಕಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ದೊಡ್ಡವರ ಸೈಕಲ್ಲೂ ಅಲ್ಲ, ಸಣ್ಣವರ ಸೈಕಲ್ಲೂ ಅಲ್ಲ, ಈ ಅಳತೆಯ ಗಾಲಿ ಈ ಸೀಮೆಯಲ್ಲಿ ಹುಟ್ಟಿಯೇ ಇಲ್ಲ ಎಂದ. ಪರವೂರಿನಲ್ಲಿ ಹುಡುಕಿರಿ ಎಂದ. ಯಾವ ಊರು ಎಂಬುದನ್ನು ಗೋದೂಬಾಯಿಯೇ ನಿಶ್ಚಯಿಸಿದರು: ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ದೇವರ ಹಿಪ್ಪರಗಿ ಹತ್ತಿರವಲ್ಲವೇ ಎಂದು ವಾಮನರಾಯರು ಕೇಳಿದ್ದಕ್ಕೆ, ಆ ಹಾಳೂರಿನಲ್ಲಿ ಏನಿದೆ, ಮಾವನವರ ಗಾಲಿ ಕಳೆದ ಜಾಗ, ಅಲ್ಲಿ ಇಳಿಯಲೇಬೇಡಿರಿ ಎಂದು ಕಡ್ಡಿ ಮುರಿದಂತೆ ಹೇಳಿದರು.

ಇಂಡಿಯಲ್ಲಿ ಅಂಗಡಿಯವನು ಅಟ್ಟದಿಂದ ಒಂದು ಗಾಲಿ ಇಳಿಸಿ ಕೊಟ್ಟ. ಅದು ಕೂಸುಗಳ ಮೂರು ಗಾಲಿ ಸೈಕಲ್ಲಿನದು. ಅದನ್ನು ಹಾಕಿದರೆ ಸ್ವಾಮಿರಾಯರ ಆತ್ಮ ಮುಕ್ತಿಗೆ ಹೋಗುವ ಬದಲು ಮಗನ ಕಪಾಳಕ್ಕೆ ಹೊಡೆಯಲು ಬರುತ್ತಿತ್ತು. ಹೊರಗೆ ಬಂದು ನೋಡಿದರೆ ಅಂಗಡಿಯ ತಗಡಿನ ಮೇಲೆ ಒಂದು ಕಾಗೆ. ಎಡ ರೆಕ್ಕೆಯ ಗರಿ ಜೋತುಬಿದ್ದಿತ್ತು.

ಮುದ್ದೇಬಿಹಾಳದ ಗುಜರಿ ಅಮೋಘಸಿದ್ಧನದು. ನಡುಮಧ್ಯಾಹ್ನ. ಅವನು ಊಟಕ್ಕೆ ಹೋಗಿದ್ದ. ಬೇಲಿಯೊಳಗೆ ಸತ್ತ ಸೈಕಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಹೊರಗೆ ಎರೆಹೊಲ ಕಣ್ಣು ಹರಿಯುವಷ್ಟು ದೂರ ಬರಿದಾಗಿತ್ತು. ಸದ್ದಿಲ್ಲ, ಗಾಳಿಯಿಲ್ಲ. ರಾಶಿಯ ತುದಿಯಲ್ಲಿ ಒಂದು ಗಾಲಿ ಮಾತ್ರ ತಾನೇ ಮೆಲ್ಲಗೆ ತಿರುಗುತ್ತಿತ್ತು. ವಾಮನರಾಯರು ಎಲ್ಲ ದೇವರನ್ನೂ ಒಟ್ಟಿಗೆ ಕರೆದರು. ಆಮೇಲೆ ಕಂಡಿತು: ಅದರ ಮೇಲೆ ಕೂತಿದ್ದ ಕಾಗೆ ಆಗಷ್ಟೇ ಹಾರಿ ಬೇಲಿಯ ಮೇಲೆ ಕೂತು, ಕತ್ತು ಓರೆ ಮಾಡಿ ನೋಡುತ್ತಿತ್ತು. ಅದೇ ಗರಿ. ಗಾಲಿಯ ಅಳತೆ ಸರಿಯಿತ್ತೋ ಇಲ್ಲವೋ ನೋಡದೆ ಅವರು ಬಸ್ ನಿಲ್ದಾಣದವರೆಗೆ ಓಡಿದರು.

ಬಾಗೇವಾಡಿಯ ಮುದುಕ ಅಂಗಡಿಕಾರ ಅಳತೆ ಕೇಳಿಕೊಂಡು ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದ. "ಇಂಥಾ ಗಾಲಿ ನಾ ಕಂಡೇನ್ರಿ," ಎಂದ. "ಹೊತ್ತು ಮುಳಗೂ ಹೊತ್ನ್ಯಾಗ ದೀಪಾ ಹೊತ್ಕೊಂಡು ತಿರಗತಿದ್ವು. ಯಾವ ಊರಾಗ ಅನ್ನೂದು ನೆನಪಾಗವಲ್ದು."

ಮರಳುವ ಬಸ್ಸು ದೇವರ ಹಿಪ್ಪರಗಿಯಲ್ಲಿ ಕೆಟ್ಟು ನಿಂತಿತು. ಇಳಿಯಲೇಬೇಡಿರಿ ಎಂದ ಊರಿನಲ್ಲೇ ಕಂಡಕ್ಟರ ಎಲ್ಲರನ್ನೂ ಇಳಿಸಿದ. ಹೊತ್ತು ಮುಳುಗುತ್ತಿತ್ತು. ಸಂತೆ ಮುರಿದು, ರಸ್ತೆಯ ತುಂಬ ದನದ ಧೂಳು ಎದ್ದಿತ್ತು. ಆ ಧೂಳಿನೊಳಗಿನಿಂದ ಒಂದು ಕಂದೀಲಿನ ಬೆಳಕು ತೂಗುತ್ತ ಅವರ ಕಡೆಗೇ ಬಂತು. ಬೆಳಕಿನ ಕೆಳಗೆ ಎರಡು ಗಾಲಿ. ದೊಡ್ಡವರ ಸೈಕಲ್ಲಿನವೂ ಅಲ್ಲ, ಸಣ್ಣವರ ಸೈಕಲ್ಲಿನವೂ ಅಲ್ಲ. ಹಿಂದೆ ನೂಕುವವರು ಯಾರೂ ಕಾಣಲಿಲ್ಲ. ಮೇಲೆ ಕಾಗೆ ಕೂತಿತ್ತು. ವಾಮನರಾಯರು ಶ್ರೀಹರಿ ಶ್ರೀಹರಿ ಎನ್ನುತ್ತ ಕೈ ಮುಗಿದು ನಿಂತುಬಿಟ್ಟರು.

"ಯಾಕ್ರೀ ರಾಯರ, ಗಾಲಿಗೆ ಕೈ ಮುಗ್ಯಾಕತ್ತೀರಿ?" ಎಂದಿತು ಒಂದು ದನಿ.

ಗಾಲಿಗಳ ಮೇಲಿದ್ದ ಗಾಜಿನ ಪೆಟ್ಟಿಗೆಯ ಹಿಂದಿನಿಂದ ಒಬ್ಬ ಗಿಡ್ಡ ಮುದುಕಿ ಕುಂಟುತ್ತ ಹೊರಬಂದಳು. ಕೋಡಬಳೆ ಮಾರುವ ರೇವವ್ವ. ಅವಳು ಕಂದೀಲು ಎತ್ತಿ ಅವರ ಮೂಗನ್ನು ನೋಡಿದಳು, ಸ್ವಾಮಿರಾಯರ ಮಗನೇ ಎಂದು ಗುರುತು ಹಿಡಿದಳು, ಆಮೇಲೆ ಎಲ್ಲವನ್ನೂ ಹೇಳಿದಳು. ಪರರ ಮನೆಯ ನೀರನ್ನೂ ಮುಟ್ಟದ ದೊಡ್ಡ ರಾಯರು ವಾರಕ್ಕೊಮ್ಮೆ ಗುಡಿಯ ಗೋಡೆಯ ಮರೆಯಲ್ಲಿ ನಿಂತು ಅವಳ ಕೋಡಬಳೆ ತಿನ್ನುತ್ತಿದ್ದರಂತೆ. ಅವಳ ಕಾಲು ಕೆಟ್ಟು ತಲೆಯ ಮೇಲೆ ಬುಟ್ಟಿ ಹೊರುವುದು ಆಗದೆ ಹೋದಾಗ, ಸೈಕಲ್ಲಿನ ಎರಡೂ ಗಾಲಿ ಕಳಚಿ ಪೆಟ್ಟಿಗೆಯ ಕೆಳಗೆ ಹಾಕಿಸಿ ಕೊಟ್ಟರಂತೆ. ಬದಲಿಗೆ ವಾರಾ ವಾರಾ ಕಂಡಕ್ಟರನ ಕೈಯಲ್ಲಿ ಒಂದು ಪುಡಿಕೆ ಕೋಡಬಳೆ ಮನೆಗೆ ಬರಬೇಕು, ಯಾರಿಗೂ ತಿಳಿಯಬಾರದು.

"ನಿಮ್ಮ ಮನಿ ಬಾಯಾರಿಗಷ್ಟ ಗೊತ್ತೈತ್ರಿ," ಎಂದಳು ರೇವವ್ವ. "ರಾಯರು ಹೋದ ಮ್ಯಾಲೂ ನಿಲ್ಲಿಸಬ್ಯಾಡ ಅಂತ ಹೇಳಿ ಕಳಸ್ಯಾರ. ವಾರಾ ತಪ್ಪಿಲ್ಲ."

ವಾಮನರಾಯರಿಗೆ ಎಲ್ಲ ಒಂದೇ ಸಲ ಹೊಳೆಯಿತು: ಗೂಡಿನ ಡಬ್ಬಿ, ಸೆರಗಿನಿಂದ ಒರೆಸಿದ ಬಾಯಿ, ಡಬ್ಬಿಗೆ ಕೈ ಹಾಕುವಾಗ ಮೊಣಕೈ ತಾಗಿ ಟಿಣ್ ಎಂದ ಗಂಟೆ. ಗಾಲಿ ಕೇಳುವ ಮನಸ್ಸು ಅವರಿಗೆ ಬರಲಿಲ್ಲ. ಅದರ ಬದಲು ಅಪರೂಪದ ಆನಂದವಾಯಿತು. ಮದುವೆಯಾದಾಗಿನಿಂದ ಮೊದಲ ಸಲ ಹೆಂಡತಿಯ ಜುಟ್ಟು ಕೈಗೆ ಸಿಕ್ಕಿತ್ತು. ಬಸ್ಸು ದುರಸ್ತಿಯಾಗಿ ಸಿಂದಗಿ ಮುಟ್ಟುವ ತನಕ ಅವರು ಒಂದು ಘನಗಂಭೀರ ಭಾಷಣ ತಯಾರು ಮಾಡಿಕೊಂಡರು.

ಭಾಷಣ ಮೂರು ವಾಕ್ಯ ದಾಟಲಿಲ್ಲ. ಗೋದೂಬಾಯಿ ಪಡಸಾಲೆಯಲ್ಲಿ ದೀಪದ ಬತ್ತಿ ಹೊಸೆಯುತ್ತ ಕೂತಿದ್ದವರು ತಲೆ ಎತ್ತಿದರು.

"ಹೌದು, ಆ ಕೋಡಬಳಿ ಹೊರಗಿನವು. ಮಾವನವರ ಮಾನ ನಾ ಕಾಯ್ದೇನಿ, ನನ್ನ ಮಾನ ಅವರು ಕಾಯ್ದಾರ," ಎಂದರು. ಆಮೇಲೆ ದನಿ ಇಳಿಯಿತು. "ಅವರು ನೋಡತಿದ್ದದ್ದು ನಿಮ್ಮ ಸೈಕಲ್ಲಲ್ಲ, ಡಬ್ಬಿ. ಡಾಕ್ಟರು ಬ್ಯಾಡ ಅಂದಾರ ಅಂತ ದಿನಾ ಮುಚ್ಚಳಾ ಮುಚ್ಚಿದವಳು ನಾನು. ಒಂದು ಕೊಟ್ಟಿದ್ರ ಏನಾಗತಿತ್ತೋ ಅಂತ ಈಗ ಭಾಳ ಅನಸ್ತದ. ಅದಕ್ಕ ಆವತ್ತು ನೀವು ಕಣ್ಣು ಮುಚ್ಚಿದಾಗ ಪಿಂಡದ ಮ್ಯಾಲ ಒಂದು ಕೋಡಬಳಿ ಇಟ್ಟೆ. ಆಚಾರ್ಯರು ನೋಡಿಯೂ ಸುಮ್ಮನಾದ್ರು. ಅವರಿಗೂ ಹಸಿವಿಯಾಗಿತ್ತು."

ವಾಮನರಾಯರಿಗೆ ಅಪ್ಪನ ಆ ಕಣ್ಣು ನೆನಪಾಯಿತು. ಒಂದು ಕೋಡಬಳೆಗಾಗಿ ಅಷ್ಟೊಂದು ನೋಡಿದರಲ್ಲ ಎಂದು ಬಹಳ ಸಂಕಟವಾಯಿತು. ಆ ಸಂಕಟದ ಹಿಂದೆಯೇ ಇನ್ನೊಂದು ಬಂತು.

"ಅಂದ್ರ ಕಾಗಿ ಬಂದದ್ದು ನನ್ನ ಮಾತಿಗಲ್ಲ?"

"ನಿಮ್ಮ ಮಾತಿಗೆ ಯಾವ ಕಾಗಿ ಬರ್ತದ?" ಎಂದರು ಗೋದೂಬಾಯಿ. "ಆದ್ರ ಮಾತಂತೂ ಕೊಟ್ಟೀರಿ. ನಾ ಕೊಡೂದು ಕೊಟ್ಟು ಬಿಡಗಡಿ ಆಗೇನಿ. ನಿಮ್ಮದು ಹಂಗ ಉಳೀತು."

ಸೈಕಲ್ಲಿನ ಚಿಂತೆ ಇನ್ನು ಮುಗಿಯಿತು, ಗಂಟೆ ಹೊಡೆಯುತ್ತಿದ್ದವಳೇ ಎದುರಿಗೆ ಕೂತಿದ್ದಾಳೆ ಎಂದು ವಾಮನರಾಯರು ಬಾಯಿ ತೆರೆದರು. ಅಷ್ಟರಲ್ಲಿ ಕತ್ತಲೆ ಕೋಣೆಯಿಂದ ಗಂಟೆ ಟಿಣ್ ಎಂದಿತು.

ಇಬ್ಬರೂ ಪಡಸಾಲೆಯಲ್ಲಿದ್ದರು. ಒಳಗೆ ಯಾರೂ ಇರಲಿಲ್ಲ. ಗೋದೂಬಾಯಿಯ ಕೈಯ ಬತ್ತಿ ಕೆಳಗೆ ಬಿತ್ತು. ಇಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ವಾಮನರಾಯರು ಕಂಡದ್ದು ಅದೇ ಮೊದಲು. ಆದರೆ ಆ ಸುಖ ಅನುಭವಿಸಲು ಅವರಿಗೂ ಹೊತ್ತಿರಲಿಲ್ಲ. ಅವರು ಹೆಂಡತಿಯ ಬೆನ್ನ ಹಿಂದೆ ನಿಂತಾಗಿತ್ತು.

"ಇದು ನಿಮಗ," ಎಂದರು ಗೋದೂಬಾಯಿ ಮೆಲ್ಲಗೆ.

ಗಾಲಿ ಸೈಕಲ್ಲಿಗೆ ಬರುವಂತಿರಲಿಲ್ಲವಾದ್ದರಿಂದ ಸೈಕಲ್ಲೇ ಗಾಲಿಗೆ ಹೋಯಿತು. ಮುಂದಿನ ಸಂತೆಯ ದಿನ ಮಾಳಿಂಗಪ್ಪ ಗೊಣಗುತ್ತ ದೇವರ ಹಿಪ್ಪರಗಿಗೆ ಬಂದು, ರೇವವ್ವನ ಗಾಡಿಯ ಬಿದಿರಿನ ಹಿಡಿಕೆ ಕಿತ್ತು, ಆ ಜಾಗಕ್ಕೆ ಚೌಕಟ್ಟನ್ನು ಹ್ಯಾಂಡಲ್ಲು ಗಂಟೆ ಸಮೇತ ಕೂಡಿಸಿ ಬಿಗಿದ. ಮಾತು ಉಳಿಯಿತು. ರೇವವ್ವನ ಕಾಲಿನ ಶಕ್ತಿ ಉಳಿಯಲಿಲ್ಲವಾದ್ದರಿಂದ, ಸೂಟಿಯ ದಿನ ಗಾಡಿಯನ್ನು ಸಂತೆಯ ತನಕ ನೂಕುವ ಕೆಲಸ ಗೋದೂಬಾಯಿಯ ಅಪ್ಪಣೆಯ ಮೇರೆಗೆ ವಾಮನರಾಯರಿಗೆ ಬಂತು. ಮೊದಲ ದಿನವೇ ಬಸ್ಸಿನಿಂದ ಆಚಾರ್ಯರು ಇಳಿದರು. ವಾಮನರಾಯರು ಧೋತರದ ಚುಂಗಿನಲ್ಲಿ ಮುಖ ಮುಚ್ಚಿಕೊಂಡರು. ಆಚಾರ್ಯರು ಆ ಕಡೆ ಈ ಕಡೆ ನೋಡಿ, ಒಂದು ಪುಡಿಕೆ ಕಟ್ಟಿ ಕೊಡಿರಿ, ಯಾರಿಗೂ ಹೇಳಬೇಡಿರಿ ಎಂದು ಪಿಸುಗುಟ್ಟಿ ಗುಡಿಯ ಗೋಡೆಯ ಮರೆಗೆ ನಡೆದರು.

ಹೊತ್ತು ಮುಳುಗುವಾಗ ಕಾಗೆ ಬಂದು ಹ್ಯಾಂಡಲ್ಲಿನ ಮೇಲೆ ಕೂತಿತು. ಎಲ್ಲ ಆಯಿತಲ್ಲ, ಇನ್ನು ಹೋಗು ಎಂದು ವಾಮನರಾಯರು ಕೈ ಮುಗಿದು ಹೇಳಿದರು. ಕಾಗೆ ಕತ್ತು ಓರೆ ಮಾಡಿ ಅವರನ್ನು ನೋಡಿತು. ಹೋಗಲಿಲ್ಲ. ಬಗ್ಗಿ ಕೊಕ್ಕಿನಿಂದ ಗಂಟೆಯನ್ನು ಟಿಣ್ ಎನ್ನಿಸಿತು. ವಾಮನರಾಯರು ಪೆಟ್ಟಿಗೆ ತೆರೆದು ಒಂದು ಕೋಡಬಳೆ ತೆಗೆದುಕೊಟ್ಟರು.