ಗಟ್ಟಿ ಎಣ್ಣೆಯ ಪ್ರತಾಪ

ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವ ಜಾಗ ಒಂದೇ ಒಂದಿತ್ತು: ಕಾರಿನ ಡ್ರೈವರ್ ಸೀಟು. ಮಿಕ್ಕ ಕಡೆಯೆಲ್ಲ ನಾನು ಆಡಳಿತ ಪಕ್ಷದ ಹಿಂದಿನ ಸಾಲಿನ ಸದಸ್ಯ; ಕೈ ಎತ್ತು ಅಂದಾಗ ಎತ್ತಬೇಕು, ಅಷ್ಟೇ. ಈಗ ಆ ಸೀಟಿಗೂ ಸಂಚಕಾರ ಬಂದಿತ್ತು. ಗಣಿತದ ಮೇಡಂ ಆದ ನನ್ನ ಹೆಂಡತಿಯನ್ನು ಬಸ್ಸೇ ಹೋಗದ ಊರಾಚೆಯ ಶಾಲೆಗೆ ವರ್ಗ ಮಾಡಿದ್ದರು. ಲೈಸೆನ್ಸ್ ಸಿಕ್ಕಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಕಲಿಸುವ ಗುರುಗಳು ಸಾಕ್ಷಾತ್ ನಾವೇ. ಅವಳು ಎರಡನೇ ಗೇರ್ ಹಾಕಿದಾಗಲೆಲ್ಲ ಗೊರ್ರ್ ಎಂದು ಸದ್ದಾಗುತ್ತಿತ್ತು. (ನಾನು ಹಾಕಿದಾಗಲೂ ಆಗುತ್ತಿತ್ತು. ಆಗ ನಾನು ಜೋರಾಗಿ ಕೆಮ್ಮುತ್ತಿದ್ದೆ.)

"ಅದೇನು ಬಾವಿ ಹಗ್ಗವೇನೇ, ಹಾಗೆ ಎಳೆಯೋಕೆ? ಮೆತ್ತಗೆ, ಹೂವು ಹಿಡಿದ ಹಾಗೆ ಹಿಡಿ!"

"ತಪ್ಪು ನನ್ನ ಕೈಯದ್ದಲ್ಲ ರೀ. ಗೇರ್ ಆಯಿಲ್ ಹಳೇದಾಗಿದೆ, ಬದಲಾಯಿಸಿ."

ಅಷ್ಟಕ್ಕೇ ಬಿಡದೆ ಕಾರಿನ ಜೊತೆ ಬಂದಿದ್ದ ಪುಸ್ತಕವನ್ನೂ ತೆಗೆದು ಓದಿದಳು. (ನಾನು ಅದನ್ನು ಇಷ್ಟು ವರ್ಷ ಬೀಸಣಿಗೆಯಾಗಿ ಬಳಸಿದ್ದೆ.) "ಆಯಿಲ್ ನಂಬರು ಎಪ್ಪತ್ತೈದು-ತೊಂಬತ್ತು ಅಂತಿದೆ ನೋಡಿ. ತೆಳು ಆಯಿಲೇ ಹಾಕಿಸಿ."

"ನೂರ ನಲವತ್ತರದ್ದು ಸಿಗುವಾಗ ತೊಂಬತ್ತು ಯಾಕೆ? ಎಣ್ಣೆ ಗಟ್ಟಿಯಾದಷ್ಟೂ ಗೇರ್ ಗಟ್ಟಿ. ಇಷ್ಟು ತಿಳೀದೆ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀಯಾ?"

"ಜಾಸ್ತಿ ಬಂದ್ರೆ ಪಾಸಾಗೋದಕ್ಕೆ ಅದೇನು ಪರೀಕ್ಷೆ ಅಂಕಾನಾ? ಬೆಳಗಿನ ಚಳಿಗೆ ಗಟ್ಟಿ ಎಣ್ಣೆ ಇನ್ನೂ ಗಟ್ಟಿ ಆಗುತ್ತೆ ರೀ."

ಸೀಟಿನ ಮಾನದ ಪ್ರಶ್ನೆ! ಗ್ಯಾರೇಜಿಗೆ ಹೋಗಿ ನೂರ ನಲವತ್ತನ್ನೇ ಕೇಳಿದೆ. "ನಿಮ್ಮ ಗಾಡಿ, ನಿಮ್ಮಿಷ್ಟ ಸಾರ್" ಎಂದು ಮೆಕ್ಯಾನಿಕ್ ತುಂಬಿಸಿಕೊಟ್ಟ. ಸುಡುಬಿಸಿಲಿನಲ್ಲಿ ಮನೆಗೆ ಬರುವಾಗ ಗೊರ್ರ್ ಮಾಯ! ಇಲ್ಲದ ಮೀಸೆಯನ್ನು ತಿರುವುತ್ತಾ ಒಳಗೆ ಹೋದೆ. ಅವಳು ಹೊರಗಿನ ಬಿಸಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಟೆಸ್ಟಿನ ದಿನ ಮುಂಜಾನೆ ಹಲ್ಲು ಕಟಕಟ ಅನ್ನುವ ಚಳಿ. ಗೇರ್ ಕಡ್ಡಿ ಸಿಮೆಂಟಿನಲ್ಲಿ ಹೂತಂತೆ ಕೂತಿತ್ತು. ಪುಣ್ಯಕ್ಕೆ ಟೆಸ್ಟ್ ನಡೆಯುವ ಮೈದಾನ ನಮ್ಮ ಹಿಂದಿನ ಬೀದಿಯಲ್ಲೇ. ಹೇಗೋ ಬಿದ್ದ ಒಂದನೇ ಗೇರಿನಲ್ಲೇ ತೆವಳಿಕೊಂಡು ತಲುಪಿದೆವು.

"ಈಗ ನಾನು ಹೇಗೆ ರೀ ಓಡಿಸ್ಲಿ?" ಅವಳ ಕಣ್ಣಲ್ಲಿ ನೀರಾಡಿತು.

"ನೀನು ಇಳಿದು ನಿಂತಿರು. ನಾನು ಸುತ್ತು ಹೊಡೆದು ಸಡಿಲ ಮಾಡಿಕೊಡ್ತೀನಿ."

ಕಾರು ಅರಚುತ್ತಾ ಒಂದನೇ ಗೇರಿನಲ್ಲೇ ಮೈದಾನ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಕೊನೆಗೆ ಎರಡನೆಯದಕ್ಕೆ ಹಾಕೇ ಹಾಕುತ್ತೇನೆಂದು ಮೈಯ ಬಲವೆಲ್ಲ ಹಾಕಿ ಎಳೆದಾಗ ಮೊಣಕೈ ಹಾರ್ನಿಗೆ ತಗುಲಿತು, ಬಂಪರ್ ಅಲ್ಲಿ ನೆಟ್ಟಿದ್ದ ಕಂಬಕ್ಕೆ ತಗುಲಿತು. ಕಿವಿಗೆ ಮಫ್ಲರ್ ಸುತ್ತಿಕೊಂಡು ಟೆಸ್ಟ್ ಮಾಡುತ್ತಿದ್ದ ಇನ್ಸ್‌ಪೆಕ್ಟರ್ ಓಡಿಬಂದರು.

"ಎಷ್ಟು ದಿನದಿಂದ ಕಲೀತಿದೀರಿ?"

"ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ ಸಾರ್!"

"ಇಪ್ಪತ್ತು ವರ್ಷ ಆದ್ರೂ ಎರಡನೇ ಗೇರ್ ಬಂದಿಲ್ಲ! ಫೇಲ್. ಇಳೀರಿ. ಯಾರ್ರೀ ಮುಂದಿನೋರು?"

ಮುಂದಿನವಳು ನನ್ನ ಹೆಂಡತಿ. ಅಷ್ಟು ಹೊತ್ತಿನ ನನ್ನ ಮಲ್ಲಯುದ್ಧಕ್ಕೆ ಎಣ್ಣೆ ಚೆನ್ನಾಗಿ ಕಾದು ತೆಳುವಾಗಿತ್ತು. ಒಂದು, ಎರಡು, ಮೂರು, ಗೇರುಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಿದ್ದವು. ಇನ್ಸ್‌ಪೆಕ್ಟರು ತಲೆದೂಗಿ ಪಾಸು ಮಾಡಿದರು.

"ಆ ಹಿಂದಿನೋರು ನಿಮಗೆ ಪರಿಚಯನಾ ಮೇಡಂ? ಪಾಪ, ಸ್ವಲ್ಪ ಹೇಳಿಕೊಡಿ."

ಅವಳು ನನ್ನತ್ತ ನೋಡಿದಳು. "ಮುಖ ಪರಿಚಯ ಇದೆ ಸಾರ್. ಹೇಳಿಕೊಡ್ತೀನಿ."

ಆ ಭಾನುವಾರವೇ ಬಾಯಿ ಮುಚ್ಚಿಕೊಂಡು ತೆಳು ಆಯಿಲ್ ಹಾಕಿಸಿಕೊಂಡು ಬಂದೆ. ಬಾಗಿಲಲ್ಲೇ ಕಾಯುತ್ತಿದ್ದವಳು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಸಾಹೇಬರಿಗೆ ಮಾತು ಕೊಟ್ಟಿದ್ದಳಲ್ಲ.

"ಹೂಂ, ಎರಡನೇದಕ್ಕೆ ಹಾಕಿ. ಮೆತ್ತಗೆ ರೀ! ಬಾವಿ ಹಗ್ಗ ಅಲ್ಲ ಅದು. ಹೂವು ಹಿಡಿದ ಹಾಗೆ ಹಿಡೀರಿ."

ಹಾಕಿದೆ. ಗೇರ್ ಚೂರೂ ಸದ್ದು ಮಾಡಲಿಲ್ಲ. ಆದರೂ ನಾನು ಜೋರಾಗಿ ಕೆಮ್ಮಿದೆ.